ಸೀರೆ ಗಾರ್ಡ್ ಯಾರ ಜವಾಬ್ದಾರಿ? ಚಕ್ರ ಮತ್ತು ಬಟ್ಟೆಯ ಒಂದು ಚರಿತ್ರೆ

ಭಾಗ 1
ಮೊದಲನೇ ಫೋಟೊ ಮಾರಿಕುಪ್ಪಂ ಸ್ಟೇಷನ್ ಹೊರಗಡೆಯದು. ಬೆಳಗಿನ ಟ್ರೇನು ಹತ್ತಿ ಹೋದವರ ಬೈಕುಗಳು. ಸ್ಟಿಕ್ಕರು, ಹೆಡ್‌ಲೈಟು ಬಿಡಿ, ಹಿಂದಿನ ಚಕ್ರದ ಎಡಬದಿ ಮಾತ್ರ ನೋಡ್ತಾ ಹೋಗಿ. ಒಂದಕ್ಕೆ ಕಂಬಿಯ ಸೀರೆ ಗಾರ್ಡ್ ಇದೆ. ಪಕ್ಕದ್ದರಲ್ಲಿ ಗಾರ್ಡ್ ಇಲ್ಲ, ಅದನ್ನ ಬಿಚ್ಚಿದ ಜಾಗ ಮಾತ್ರ ಇದೆ. ಅದರ ಪಕ್ಕದ್ದಕ್ಕೆ ಮುಂದೆ ಕೈ ದಪ್ಪದ ಕ್ರ್ಯಾಶ್ ಗಾರ್ಡ್, ಹಿಂದೆ ಏನೂ ಇಲ್ಲ!

ಆ ಮೂರನೇ ಬೈಕೇ ಈ ಸೀರೀಸ್‌ಗೆ ಕಾರಣ. ದುಡ್ಡು ಕೊಟ್ಟು ಗಾಡಿಗೆ ರಕ್ಷಣೆ ಹಾಕಿಸಿದ್ದಾರೆ, ಹಿಂದೆ ಕೂರುವವರಿಗೆ ಇದ್ದ ರಕ್ಷಣೆಯನ್ನ ತೆಗೆಸಿದ್ದಾರೆ. ಯಾಕೆ ಅಂದ್ರೆ "ಲುಕ್ ಹೋಗುತ್ತೆ".

ಸೀರೆ ಗಾರ್ಡ್ ಅಂದ್ರೆ ಅಮ್ಮಂದಿರ ಕಾಲದ ವಸ್ತು ಅಂತ ನಮ್ಮ ಕ್ಲಾಸಲ್ಲೂ ತುಂಬಾ ಜನ ನಗ್ತಾರೆ. ಆದರೆ ತಿರುಗುವ ಚಕ್ರ ಮತ್ತು ಜೋತಾಡುವ ಬಟ್ಟೆಯ ಜಗಳ ಬೈಕಿಗಿಂತ ಹಳೇದು. ಆ ಜಗಳದಲ್ಲಿ ಪ್ರತೀ ಸಲ ಬರೋ ಪ್ರಶ್ನೆ ಒಂದೇ: ಸರಿಪಡಿಸಬೇಕಾದ್ದು ಚಕ್ರವನ್ನೋ, ಬಟ್ಟೆ ಹಾಕಿಕೊಂಡವರನ್ನೋ?

ಭಾಗ 2
ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಂದ ಶುರು ಮಾಡೋಣ. ಆಗ ಒಂದೊಂದು ಯಂತ್ರಕ್ಕೆ ಒಂದೊಂದು ಮೋಟರ್ ಇರಲಿಲ್ಲ. ಒಂದು ದೊಡ್ಡ ಎಂಜಿನ್, ಅದರಿಂದ ತಲೆ ಮೇಲೆ ಉದ್ದಕ್ಕೂ ತಿರುಗುವ ಕಬ್ಬಿಣದ ಶಾಫ್ಟು, ಅಲ್ಲಿಂದ ಕೆಳಗಿನ ಯಂತ್ರಗಳಿಗೆ ಚರ್ಮದ ಬೆಲ್ಟು. ಸೆರಗೋ, ತೋಳೋ, ಜಡೆಯೋ ಸಿಕ್ಕಿಕೊಂಡರೆ ಮನುಷ್ಯರನ್ನೇ ಎಳೆದುಕೊಳ್ಳುತ್ತಿತ್ತು. 1844ರ ಫ್ಯಾಕ್ಟರಿ ಕಾಯ್ದೆ, ಹೆಂಗಸರು ಮಕ್ಕಳು ಓಡಾಡುವ ಕಡೆ ಇಂಥ ಭಾಗಗಳಿಗೆ ಬೇಲಿ ಹಾಕಬೇಕು ಅಂತ ಹೇಳಿತು. ಹಾಕಬೇಕಾದವರು ಗಿರಣಿ ಮಾಲೀಕರು.

ಮಾಲೀಕರು ಸುಮ್ಮನಿದ್ದರಾ? ಇಲ್ಲ. ಕೆಲಸದವರ ಅಜಾಗರೂಕತೆಯಿಂದ ಅಪಘಾತ ಆಗುತ್ತೆ, ಅದಕ್ಕೆ ನಾವ್ಯಾಕೆ ಖರ್ಚು ಮಾಡಬೇಕು ಅಂತ ವಾದ ಹೂಡಿದರು. 1855ರಲ್ಲಿ ಸಂಘವನ್ನೇ ಕಟ್ಟಿದರು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆ ಅವರನ್ನ ಚೆನ್ನಾಗಿ ಗೇಲಿ ಮಾಡಿತು. ಆದರೂ ಗೆದ್ದವರು ಮಾಲೀಕರೇ. 1856ರಲ್ಲಿ ಪಾರ್ಲಿಮೆಂಟು ನಿಯಮವನ್ನ ಸಡಿಲ ಮಾಡಿತು.

"ಅವಳು ದುಪಟ್ಟಾ ಸರಿಯಾಗಿ ಹಾಕ್ಕೋಬೇಕಿತ್ತು" ಅಂತ ಇವತ್ತು ಕೇಳಿಸುತ್ತಲ್ಲ, ಅದು ಹೊಸ ಮಾತೇನಲ್ಲ.

ಭಾಗ 3
ಇದಕ್ಕೂ ನಮ್ಮೂರಿಗೂ ಏನು ಸಂಬಂಧ? ನಮ್ಮೂರು ಹುಟ್ಟಿದ್ದೇ ಚಕ್ರಗಳ ಜೊತೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಶಾಫ್ಟಿನ ಮೇಲಿನ ವೈಂಡಿಂಗ್ ಚಕ್ರ, ಅದಿರು ಕುಟ್ಟುವ ಸ್ಟ್ಯಾಂಪ್ ಮಿಲ್ಲು ಎಲ್ಲಾ ಬಂದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 16 ಕಿ.ಮೀ. ರೈಲು ದಾರಿ. 1902ರಲ್ಲಿ ಶಿವನಸಮುದ್ರದ ಕರೆಂಟು. ಆಮೇಲೆ ಬುಲ್ಡೋಜರ್ ಮಾಡುವ ಬಿಇಎಂಎಲ್ ಕಾರ್ಖಾನೆ.

ಕಾರ್ಖಾನೆ ಕೆಲಸದವರ ಮಕ್ಕಳಿಗೆ 'ಮೆಷಿನ್ ಗಾರ್ಡ್' ಅನ್ನೋ ಪದ ಹೊಸದಲ್ಲ. ಭಾರತದ 1948ರ ಫ್ಯಾಕ್ಟರೀಸ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಫ್ಲೈವೀಲ್‌ನಿಂದ ಹಿಡಿದು ಅಪಾಯಕಾರಿ ತಿರುಗುವ ಭಾಗಗಳಿಗೆ ಗಟ್ಟಿ ಬೇಲಿ ಇರಲೇಬೇಕಿತ್ತು. 22ನೇ ಸೆಕ್ಷನ್ ಇನ್ನೂ ಸ್ವಾರಸ್ಯ. ಓಡುತ್ತಿರುವ ಯಂತ್ರವನ್ನ ಪರೀಕ್ಷೆ ಮಾಡಬೇಕಾಗಿ ಬಂದರೆ ತರಬೇತಿ ಪಡೆದ ಗಂಡಸೇ ಮಾಡಬೇಕಿತ್ತು, ಮೈಗೆ ಅಂಟುವಂಥ ಬಿಗಿ ಬಟ್ಟೆ ಹಾಕಿರಬೇಕಿತ್ತು, ಆ ಬಟ್ಟೆಯನ್ನ ಕಾರ್ಖಾನೆಯವರೇ ಕೊಡಬೇಕಿತ್ತು. ಹೆಂಗಸರು ಓಡುವ ಯಂತ್ರಕ್ಕೆ ಎಣ್ಣೆ ಬಿಡೋದು, ಒರೆಸೋದು ಮಾಡುವಂತಿರಲಿಲ್ಲ.

ಇಲ್ಲಿ ಎರಡು ದಾರಿ ಕಾಣುತ್ತೆ. ಒಂದು, ಚಕ್ರವನ್ನ ಮುಚ್ಚೋದು. ಇನ್ನೊಂದು, ಹೆಂಗಸರನ್ನ ದೂರ ಇಡೋದು. ಕಾರ್ಖಾನೆಯಲ್ಲಿ ಎರಡನೇ ದಾರಿ ನಡೆದುಹೋಯಿತು. ರಸ್ತೆಯಲ್ಲಿ ಅದು ನಡೆಯಲ್ಲ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಈಗ ನಮ್ಮ ಅಕ್ಕಂದಿರು, ಅಮ್ಮಂದಿರು ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರಬೇಕು. ಕತ್ತಲಿರುವಾಗಲೇ ಯಾರದೋ ಬೈಕಿನ ಹಿಂದೆ ಕೂತು ಸ್ಟೇಷನ್ನಿಗೆ ಬರ್ತಾರೆ, ಅರ್ಜೆಂಟಲ್ಲಿ. ಚಕ್ರದಿಂದ ದೂರ ಇರಿ ಅಂದ್ರೆ ಅವರು ಎಲ್ಲಿಗೆ ಹೋಗಬೇಕು?

ಭಾಗ 4
ರಸ್ತೆಯ ಕಥೆ ಸೈಕಲ್ಲಿಂದ ಶುರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ 'ರೋವರ್' ಬಂತು. ಹೆಚ್ಚುಕಮ್ಮಿ ಇವತ್ತಿನ ಸೈಕಲ್ಲೇ: ಎರಡು ಚಕ್ರ, ಹಿಂದಕ್ಕೆ ಚೈನು. ಕೆಲವೇ ವರ್ಷದಲ್ಲಿ ಹೆಂಗಸರ ಸೈಕಲ್ ಬಂತು, ನಡುವಿನ ಅಡ್ಡ ಕಂಬಿ ಕೆಳಗೆ ಬಾಗಿದ್ದು. ಆಗಿನ ಲಂಗಗಳು ಪಾದ ಮುಟ್ಟುವಷ್ಟು ಉದ್ದ. ಅದಕ್ಕೆ ಹಿಂದಿನ ಮಡ್‌ಗಾರ್ಡ್ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಅಲ್ಲಿಂದ ಚಕ್ರದ ಅಚ್ಚಿನ ಕಡೆಗೆ ದಾರಗಳನ್ನ ಬಿಗಿದರು. ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಾಣುತ್ತೆ (ಎರಡನೇ ಫೋಟೊ). ಚೈನಿಗೂ ಮುಚ್ಚಳ. ನನ್ನ ಪ್ರಕಾರ ನಮ್ಮ ಸೀರೆ ಗಾರ್ಡಿನ ಅಜ್ಜಿ ಇದೇ.

ಗಮನಿಸಿ, ಅದು ಸೈಕಲ್ ಜೊತೆಗೇ ಬರ್ತಿತ್ತು. ನೆದರ್‌ಲ್ಯಾಂಡಿನಲ್ಲಿ ಇವತ್ತಿಗೂ ಎಷ್ಟೋ ಸೈಕಲ್ಲುಗಳಿಗೆ ಇಂಥದ್ದೇ ಹೊದಿಕೆ ಇರುತ್ತೆ, ಗಂಡಸರ ಕೋಟೂ ಸಿಕ್ಕಬಾರದು ಅಂತ. ಅಲ್ಲಿ ಯಾರೂ ಲುಕ್ ಹೋಯ್ತು ಅಂತ ಅಳಲ್ಲ.

ಕಾರಿನ ಕಾಲಕ್ಕೆ ಬಂದ್ರೆ ಎಲ್ಲರಿಗೂ ಗೊತ್ತಾದ ಒಂದು ಸಾವು ಇದೆ. 1927ರ ಸೆಪ್ಟೆಂಬರ್ 14, ಫ್ರಾನ್ಸಿನ ನೈಸ್ ನಗರ. ಹೆಸರಾಂತ ನರ್ತಕಿ ಇಸಡೋರಾ ಡಂಕನ್ ತೆರೆದ ಕಾರಿನಲ್ಲಿ ಕೂತರು, ಕೊರಳಲ್ಲಿ ಉದ್ದದ ರೇಷ್ಮೆ ಸ್ಕಾರ್ಫ್. ಕಾರು ಹೊರಟಿತು, ಸ್ಕಾರ್ಫ್ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಅಲ್ಲಿಗೆ ಮುಗಿಯಿತು. ಕೊರಳ ಬಟ್ಟೆ ಚಕ್ರಕ್ಕೆ ಸಿಕ್ಕಿ ಆಗುವ ಇಂಥ ಗಾಯಗಳಿಗೆ ಡಾಕ್ಟರುಗಳು ಅವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ದೇಶದ ವೈದ್ಯರು ಬರೆದ ವರದಿಗಳಲ್ಲಿ ಸ್ಕಾರ್ಫ್ ಬದಲು ದುಪಟ್ಟಾ ಇರುತ್ತೆ, ಕಾರಿನ ಬದಲು ಬೈಕು, ಆಟೋ.

ಭಾಗ 5
1946ರಲ್ಲಿ ಇಟಲಿಯ ಪಿಯಾಜಿಯೊ ಕಂಪನಿ ವೆಸ್ಪಾ ಸ್ಕೂಟರ್ ತಂದಿತು. ವಿನ್ಯಾಸ ಮಾಡಿದ ಕೊರಾಡಿನೊ ದಸ್ಕಾನಿಯೊ ವಿಮಾನ, ಹೆಲಿಕಾಪ್ಟರ್ ಎಂಜಿನಿಯರು. ಅವರಿಗೆ ಮೋಟರ್‌ಸೈಕಲ್ ಅಂದ್ರೆ ಆಗ್ತಿರಲಿಲ್ಲವಂತೆ, ಎಣ್ಣೆ ಗಲೀಜು ಅಂತ. ಹಾಗಾಗಿ ಎಂಜಿನನ್ನ ತಗಡಿನೊಳಗೆ ಮುಚ್ಚಿಬಿಟ್ಟರು. ಲಂಗ ಹಾಕಿದವರೂ ಹತ್ತುವ ಹಾಗೆ ಮುಂದೆ ಜಾಗ ಬಿಟ್ಟರು. ಆ ಗಾಡಿಯ ಮೈಯೇ ಒಂದು ಗಾರ್ಡು. ಬಜಾಜ್ ಮೂಲಕ ಅದು ನಮ್ಮಲ್ಲಿಗೂ ಬಂತು, ಫ್ಯಾಮಿಲಿ ಗಾಡಿ ಆಯ್ತು.

ಮೋಟರ್‌ಸೈಕಲ್ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾದವು, ಮೂಲ ವಿನ್ಯಾಸ ಚೆಕೊಸ್ಲೊವಾಕಿಯಾದ್ದು. ಮದ್ರಾಸಿನ ಬುಲೆಟ್ ಮೂಲ ಇಂಗ್ಲೆಂಡು. ಆಮೇಲಿನ 100 ಸಿಸಿ ಗಾಡಿಗಳ ಮೂಲ ಜಪಾನು. ಆ ದೇಶಗಳಲ್ಲಿ ಹಿಂದೆ ಕೂರುವವರು ಎರಡೂ ಕಡೆ ಕಾಲು ಹಾಕಿ ಕೂರ್ತಾರೆ. ನಮ್ಮಲ್ಲಿ ಸೀರೆ ಉಟ್ಟವರು ಎಡಗಡೆಗೆ ಎರಡೂ ಕಾಲು ಬಿಟ್ಟು ಒಂದೇ ಬದಿಗೆ ಕೂರ್ತಾರೆ. ಸೆರಗು, ನೆರಿಗೆ, ಮಡಿಲಲ್ಲಿ ಮಗು, ಮಗುವಿನ ಟವಲು, ಎಲ್ಲಾ ಚಕ್ರದ ಪಕ್ಕದಲ್ಲೇ. ಗಾಡಿಯ ವಿನ್ಯಾಸ ಮಾಡಿದವನ ಕಣ್ಣಲ್ಲಿ ಈ ಹೆಂಗಸು ಇರಲೇ ಇಲ್ಲ.

ಆ ಕೊರತೆಯನ್ನ ತುಂಬಿದ್ದು ಕಬ್ಬಿಣದ ಕಂಬಿ ಬಗ್ಗಿಸಿ, ಬೆಸುಗೆ ಹಾಕಿ, ಕ್ರೋಮ್ ಬಳಿದ ಸೀರೆ ಗಾರ್ಡು. ಅದಕ್ಕೇ ಒಂದು ಲೇಡೀಸ್ ಫುಟ್‌ರೆಸ್ಟು. ನೋಡೋಕೆ ಸಾಧಾರಣ ವಸ್ತು. ಆದರೆ ಹೊರಗಿಂದ ಬಂದ ಯಂತ್ರವನ್ನ ನಮ್ಮ ಹೆಂಗಸರಿಗೆ ಹೊಂದಿಸಿದ್ದು ಅದು.

ಭಾಗ 6
ಎಲ್ಲಾ ಗಾರ್ಡೂ ಒಂದೇ ಅಲ್ಲ. ಹಿಮದ ದೇಶಗಳಲ್ಲಿ ಸ್ನೋಮೊಬೈಲ್ ಅಂತ ಓಡಿಸ್ತಾರೆ. ಮುಂದೆ ಎರಡು ಸ್ಕೀ, ಹಿಂದೆ ಬುಲ್ಡೋಜರ್ ಥರ ಸುತ್ತುವ ಪಟ್ಟಿ. ಕೆನಡಾದ ಬೊಂಬಾರ್ಡಿಯೆ 1959ರಲ್ಲಿ ತಂದ 'ಸ್ಕಿ-ಡೂ'ನಿಂದ ಜನಪ್ರಿಯ ಆಯ್ತು. ಅದನ್ನ ಕೊಂಡವರು ಹೊಟ್ಟೆ ಕೆಳಗೆ ಸ್ಕಿಡ್ ಪ್ಲೇಟು, ಮುಂದೆ ಬಂಪರು ಅಂತ ಬೇರೆ ಹಾಕಿಸಿಕೊಳ್ತಾರೆ, ಹಿಮದೊಳಗೆ ಅಡಗಿರುವ ಕಲ್ಲು ಬಡಿಯಬಾರದು ಅಂತ. ಅದು ಯಂತ್ರಕ್ಕೆ ರಕ್ಷಣೆ. ಮನುಷ್ಯರಿಗೆ ಅಲ್ಲೂ ಒಂದು ಎಚ್ಚರಿಕೆ ಇದೆ: ಉದ್ದನೆ ಸ್ಕಾರ್ಫ್ ಹಾಕ್ಕೊಂಡು ಕೂರಬೇಡಿ.

ನಮ್ಮ ಕ್ರ್ಯಾಶ್ ಗಾರ್ಡು ಅರ್ಧ ಯಂತ್ರಕ್ಕೆ, ಅರ್ಧ ಓಡಿಸುವವನ ಮೊಣಕಾಲಿಗೆ. ಕಾರು ಜೀಪುಗಳ ಮುಂದಿನ ಬುಲ್ ಬಾರ್ ಅಂತೂ ಗಾಡಿಯನ್ನ ಉಳಿಸೋಕೆ ಹೋಗಿ ನಡೆದುಕೊಂಡು ಹೋಗುವವರನ್ನ ಜಜ್ಜುತ್ತೆ. ಏರ್‌ಬ್ಯಾಗ್ ಸರಿಯಾಗಿ ತೆರೆಯೋಕೂ ಅಡ್ಡ ಬರುತ್ತೆ. ಅದಕ್ಕೇ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲಿ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. ಅಂಗಡಿಯಲ್ಲಿ ಇವೆಲ್ಲಾ ಒಂದೇ ಗೋಡೆಗೆ ನೇತಾಡುತ್ತೆ, ಅದೇ ಗೊಂದಲಕ್ಕೆ ಕಾರಣ.

ಯಾಕಂದ್ರೆ ಸೀರೆ ಗಾರ್ಡು ಕಾನೂನಿನ ಪ್ರಕಾರ ಆಕ್ಸೆಸರಿ ಅಲ್ಲವೇ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಓದಿ. ಇಬ್ಬರು ಕೂರುವ ಮೋಟರ್‌ಸೈಕಲ್ಲಿಗೆ ಹಿಡಿದುಕೊಳ್ಳೋಕೆ ಕೈಹಿಡಿ ಇರಬೇಕು, ಫುಟ್‌ರೆಸ್ಟ್ ಇರಬೇಕು, ಮತ್ತೆ ಹಿಂದೆ ಕೂತವರ ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಭಾಗ ಮುಚ್ಚುವ ಸಾಧನ ಇರಬೇಕು. ಬ್ರೇಕು, ಹಾರ್ನು ಹೇಗೋ ಹಾಗೆ. ಹಾರ್ನ್ ಬಿಚ್ಚಿಸಿ ಲುಕ್ ಬಂತು ಅಂತ ಯಾರಾದ್ರೂ ಹೇಳ್ತಾರಾ?

ಭಾಗ 7
ಮೂರು ಜನ ಆಗಲೇ ಡಿಎಂ ಮಾಡಿ ಕೇಳಿದ್ದೀರಿ, ಬಿಚ್ಚಿಸಿದ್ದನ್ನ ಮತ್ತೆ ಹಾಕಿಸೋದು ಹೇಗೆ ಅಂತ. ಮೊದಲು ಮನೆಯಲ್ಲಿ ಹುಡುಕಿ, ಅಟ್ಟದ ಮೇಲೆ ಇರಬಹುದು. ಇಲ್ಲಾ ಅಂದ್ರೆ ನಿಮ್ಮ ಗಾಡಿಯ ಮಾಡೆಲಿನದ್ದೇ ತಗೊಳ್ಳಿ. ಬೇರೆ ಗಾಡಿಯದ್ದನ್ನ ಬಗ್ಗಿಸಿ ಕೂರಿಸಿದ್ರೆ ಓಡುವಾಗ ಅಲುಗಾಡಿ ಅದೇ ಚಕ್ರಕ್ಕೆ ಬಡಿಯುತ್ತೆ.

ಕಂಬಿಗಳ ನಡುವೆ ಅಂತರ ಕಮ್ಮಿ ಇರಬೇಕು. ಎರಡೇ ಕಂಬಿ ಇರುವ ಸ್ಟೈಲ್ ಗಾರ್ಡಿನೊಳಗೆ ಶಿಫಾನ್ ದುಪಟ್ಟಾ ಆರಾಮಾಗಿ ನುಗ್ಗುತ್ತೆ. ಬೋಲ್ಟು ಫ್ರೇಮಿಗೆ ಗಟ್ಟಿಯಾಗಿ ಕೂರಬೇಕು, ಸ್ಪ್ರಿಂಗ್ ವಾಷರ್ ಹಾಕಿಸಿ. ಕೂರಿಸಿದ ಮೇಲೆ ಅಂಗಡಿ ಮುಂದೇನೇ ಇಬ್ಬರು ಕೂತು ಜೋರಾಗಿ ಕುಲುಕಿ ನೋಡಿ: ಸಸ್ಪೆನ್ಶನ್ ಪೂರ್ತಿ ಕೆಳಗೆ ಹೋದಾಗಲೂ ಗಾರ್ಡು ಟೈರಿಗಾಗಲಿ, ಚೈನ್ ಕವರಿಗಾಗಲಿ ತಗುಲಬಾರದು. ನಮ್ಮ ರಸ್ತೆ ಗುಂಡಿಗಳು ಹೇಗಿವೆ ಅಂತ ನಾನು ಹೇಳಬೇಕಾ? ಒಂದು ವಾರ ಓಡಿಸಿ ಬೋಲ್ಟುಗಳನ್ನ ಇನ್ನೊಮ್ಮೆ ಬಿಗಿ ಮಾಡಿಸಿ. ಚೈನ್ ಕವರ್ ಬಿಚ್ಚಿಸಿದ್ದವರು ಅದನ್ನೂ ಹಾಕಿಸಿ, ಗಾರ್ಡ್ ಒಂದೇ ಇದ್ರೆ ಸಾಲಲ್ಲ.

ಸ್ಕೂಟರಿನವರು ಮೈ ಮುಚ್ಚಿದೆ ಅಂತ ನಂಬಿ ಕೂರಬೇಡಿ. ಹಿಂದಿನ ಚಕ್ರದ ಕೆಳಭಾಗ ತೆರೆದೇ ಇರುತ್ತೆ.

ಮುಂದಿನ ವಾರ ವೈಂಡಿಂಗ್ ಚಕ್ರಗಳ ಫೋಟೊ ಹಾಕ್ತೀನಿ. ಅದಕ್ಕೆ ಮುಂಚೆ ಒಂದು ಕೇಳ್ತೀನಿ: ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಅಜ್ಜಿಯೋ ಅಮ್ಮನೋ ಜಾವಾ, ಯೆಜ್ಡಿ, ಲೂನಾ ಹಿಂದೆ ಕೂತಿರೋ ಹಳೇ ಫೋಟೊ ಇದ್ರೆ ಕಳಿಸಿ. ಚಕ್ರ ಕಾಣುವಂಥದ್ದೇ ಬೇಕು. ಯಾವ ವರ್ಷದ್ದು ಅಂತ ಹಿಂದೆ ಬರೆದಿದ್ರೆ ಅದರದ್ದೂ ಒಂದು ಫೋಟೊ ತೆಗೀರಿ.

#ಮಾರಿಕುಪ್ಪಂ #ಕೆಜಿಎಫ್ #ಬಂಗಾರಪೇಟೆ #ಸೀರೆಗಾರ್ಡ್ #ನಮ್ಮೂರಚರಿತ್ರೆ