ಅಜ್ಜನ ಮಳೆ ಪುಸ್ತಕ, ಒಂದು ಜರ್ನಲ್ ಫೈಲು

1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಇಂಥ ಸೀಮೆಯಲ್ಲಿ ಮಳೆ ಲೆಕ್ಕ ಇಡದೆ ಬದುಕೋದು ಕಷ್ಟ. ನಮ್ಮಜ್ಜನೂ ಒಂದು ನೋಟ್‌ಬುಕ್ಕಿನಲ್ಲಿ ಭರಣಿ, ಆರಿದ್ರ, ಉತ್ತರೆ ಅಂತ ಪ್ರತಿ ಮಳೆಯನ್ನೂ ಬರೆದಿಡೋರು. ಗೆದ್ದಲು ಹಿಡಿಯೋ ಮೊದಲೇ ಅದನ್ನು ಎಸ್‌ಕ್ಯೂಎಲೈಟ್‌ಗೆ ಹಾಕೋಣ ಅಂತ ಕೂತೆ.

ಈ ಎಸ್‌ಕ್ಯೂಎಲೈಟ್‌ಗೂ ಒಂದು ಕತೆ ಇದೆ. 2000ದ ಹೊತ್ತಿಗೆ ರಿಚರ್ಡ್ ಹಿಪ್ ಅಮೆರಿಕದ ಯುದ್ಧನೌಕೆಯೊಂದಕ್ಕೆ ಸಾಫ್ಟ್‌ವೇರ್ ಬರೀತಿದ್ದರು. ಡೇಟಾಬೇಸ್ ಸರ್ವರ್ ಕೈಕೊಟ್ಟರೆ ಅವರ ಪ್ರೋಗ್ರಾಮೂ ನಿಂತುಹೋಗೋದು. ಸರ್ವರ್ರೇ ಬೇಡ, ಫೈಲಿನಿಂದಲೇ ನೇರವಾಗಿ ಓದೋಣ ಅಂತ ಹೊರಟು ಮಾಡಿದ್ದು ಇದು. ಈಗ ನಿಮ್ಮ ಜೇಬಿನ ಫೋನಿನಲ್ಲೂ ಇದೆ.

ಸರ್ವರ್ ಇಲ್ಲ ಅಂದಮೇಲೆ ಫೈಲಿಗೆ ಕಾವಲು ನಾವೇ. ಊರಿನ ಮನೆಯ ಹಳೇ ಕಂಪ್ಯೂಟರಿನಲ್ಲಿ ಎಂಟ್ರಿ ಮಾಡ್ತಿರುವಾಗ ಕರೆಂಟ್ ಹೋಯ್ತು. ಬಂದಮೇಲೆ ನೋಡಿದರೆ ಡೇಟಾಬೇಸ್ ಪಕ್ಕದಲ್ಲಿ 'ಜರ್ನಲ್' ಅಂತ ಇನ್ನೊಂದು ಫೈಲು. ಕಸ ಅಂದ್ಕೊಂಡು ಅಳಿಸಿಬಿಟ್ಟೆ. ಅರ್ಧಕ್ಕೆ ನಿಂತ ಬರಹವನ್ನು ಹಿಂದಿನ ಸ್ಥಿತಿಗೆ ತರಬೇಕಾದ ಹಳೇ ಪುಟಗಳು ಇದ್ದದ್ದೇ ಅದರಲ್ಲಿ!

ಡೇಟಾಬೇಸ್ ಕೆಟ್ಟಿದೆ ಅಂತ ಎರರ್ ಬಂತು. ಕೆಟ್ಟ ಫೈಲಿನದೇ ಒಂದು ಕಾಪಿ ಮಾಡಿಕೊಂಡು, ಅದರ ಮೇಲೆ 'ರಿಕವರ್' ಕಮಾಂಡ್ ಓಡಿಸಿ, ಸಿಕ್ಕಿದ್ದನ್ನೆಲ್ಲ ಹೊಸ ಫೈಲಿಗೆ ತುಂಬಿದೆ. ಕೆಲವು ವರ್ಷದ ಮಳೆ ಸಿಗಲೇ ಇಲ್ಲ. ಮತ್ತೆ ಅಜ್ಜನ ಪುಸ್ತಕ ತೆಗೆದು ಸಾಲು ಸಾಲಾಗಿ ಟೈಪ್ ಮಾಡಿದೆ. ಕಂಪ್ಯೂಟರಿಗೆ ಹಾಕಿದ್ದಾಯ್ತಲ್ಲ ಅಂತ ಅದನ್ನು ರದ್ದಿಗೆ ಹಾಕಿರಲಿಲ್ಲ, ಪುಣ್ಯ.