ಹುಣಸಗಿ ಕಣಿವೆಯ ಕಲ್ಲುಗಳು

ಸದ್ಭಕ್ತರೇ, ಕೊಡೇಕಲ್ಲಿನ ಕಡೆಗೆ ಪಯಣಿಸುವಾಗ ಹುಣಸಗಿಯ ಹೊಲಗಳ ಬದುವಿನಲ್ಲಿ ಬಿದ್ದಿರುವ ಸುಣ್ಣಗಲ್ಲಿನ ತುಂಡುಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು; ಕಂಡೂ ಕಾಣದಂತೆ ದಾಟಿರಲೂಬಹುದು. ನಾವೂ ಹಾಗೆ ದಾಟಿದವರೇ. ಆ ತುಂಡುಗಳಲ್ಲಿ ಕೆಲವು ಮಾನವ ಹಸ್ತದಿಂದ ರೂಪುಗೊಂಡ ಆಯುಧಗಳೆಂಬುದನ್ನು ಅನಂತರ ಗ್ರಂಥಗಳಿಂದ ಅರಿತೆವು.

ಭಾರತದ ಶಿಲಾಯುಗದ ಶೋಧವು 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ದೊರೆತ ಒಂದು ಕಲ್ಲಿನಿಂದ ಆರಂಭವಾಯಿತು. ಮುಂದೆ ಬಹುಕಾಲ ವಿದ್ವಾಂಸರು ಆಯುಧಗಳನ್ನು ಸಂಗ್ರಹಿಸಿ, ಆಕಾರದಂತೆ ವಿಂಗಡಿಸುವುದರಲ್ಲಿಯೇ ಹೆಚ್ಚಾಗಿ ತೊಡಗಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ ಹಾಗೂ ಬೈಚಬಾಳ ಕಣಿವೆಗಳಲ್ಲಿ ಕೇಳಿದ ಪ್ರಶ್ನೆಯೇ ಬೇರೆ: ಆ ಜನ ಇಲ್ಲಿಯೇ ಏಕೆ ನೆಲಸಿದರು? ಯಾವ ಋತುವಿನಲ್ಲಿ? ಏನನ್ನು ತಿಂದು?

ಉತ್ತರವನ್ನು ಅವರು ನೀರಿನಲ್ಲಿ ಹುಡುಕಿದರು. ಈ ಪ್ರದೇಶದಲ್ಲಿ ಒರತೆಗಳುಂಟು. ಆ ನೀರು ಹಿಂದೆ ಬಿಟ್ಟುಹೋದ ಸುಣ್ಣದ ಗಟ್ಟಿ ಪದರಗಳು ಅಂದೂ ಒರತೆಗಳು ಹರಿಯುತ್ತಿದ್ದುವೆಂಬುದಕ್ಕೆ ಸಾಕ್ಷಿ. ಬೇಸಗೆಯಲ್ಲಿ ಹಳ್ಳ ಕೊಳ್ಳಗಳು ಬತ್ತಿದಾಗ ಗುಂಪುಗಳೆಲ್ಲ ಈ ಒರತೆಯ ನೀರಿನ ಬಳಿ ಕೂಡುತ್ತಿದ್ದುವು; ಮಳೆ ಬಂದು ಎಲ್ಲೆಡೆ ನೀರು ನಿಂತು ಗೆಡ್ಡೆ, ಸೊಪ್ಪು, ಹಣ್ಣುಗಳು ದೊರೆತಾಗ ಚಿಕ್ಕ ಚಿಕ್ಕ ತಂಡಗಳಾಗಿ ಕಣಿವೆಯ ತುಂಬ ಚದುರುತ್ತಿದ್ದುವು. ಇದು ಅವರು 1982ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳು. ನಮಗೆ ಇದು ಬಹುಮಟ್ಟಿಗೆ ಒಪ್ಪಿಗೆಯೇ. ಆದರೆ ಒಂದು ಶಂಕೆಯೂ ಉಂಟು. ಒಂದೇ ನೆಲದಲ್ಲಿ ಬಿದ್ದಿರುವ ಆಯುಧಗಳು ಒಂದೇ ಬೇಸಗೆಯವಲ್ಲ. ಸಹಸ್ರಾರು ವರ್ಷಗಳವು ಬೆರೆತಿರಬಹುದು. ಅವುಗಳಿಂದ ಋತುವನ್ನು ಗುರುತಿಸುವುದು ಸುಲಭವಲ್ಲ.

ಇಸಾಂಪುರದ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾದುದು. 1997ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಆಯುಧ ತಯಾರಿಕೆಯ ನೆಲೆಯೇ ಬೆಳಕಿಗೆ ಬಂದಿತು. ಸುಣ್ಣಗಲ್ಲು ಸಹಜವಾಗಿಯೇ ಸೀಳಿ ಚಪ್ಪಡಿಗಳಾಗಿ ಬಿದ್ದಿತ್ತು. ಗಟ್ಟಿ ಜಾತಿಯ ಗುಂಡುಕಲ್ಲುಗಳಿಂದ ಅದನ್ನು ಹೊಡೆದು ಕೈಗೊಡಲಿಗಳನ್ನು ತಯಾರಿಸಿದ್ದರು. ಸುತ್ತಲೂ ಚಕ್ಕೆಗಳ ರಾಶಿ. ಹೊರಲು ಭಾರವಾದ ಕಲ್ಲಿಗೆ ಮನುಷ್ಯನೇ ನಡೆದು ಬಂದಿದ್ದನು. ಶ್ರಮ ಮತ್ತು ಫಲಗಳ ಈ ಲೆಕ್ಕವನ್ನೇ ಪರಿಸರಶಾಸ್ತ್ರಜ್ಞರು ಸಕಲ ಜೀವಿಗಳಲ್ಲಿಯೂ ಅರಸುವರು. ಅಲ್ಲಿ ದೊರೆತ ಪ್ರಾಣಿದಂತಗಳ ಪರೀಕ್ಷೆಯಿಂದ ಆ ನೆಲೆಯ ಕಾಲ ಸುಮಾರು 12 ಲಕ್ಷ ವರ್ಷಗಳೆಂದು 2001ರಲ್ಲಿ ಪ್ರಕಟವಾಯಿತು.

ಈ ನೆಲೆ ಕಾಣಿಸಿಕೊಂಡುದು ಕಾಲುವೆಯ ಕಾಮಗಾರಿಗೆಂದು ಮೇಲಿನ ಮಣ್ಣನ್ನು ತೆಗೆದುದರಿಂದ. ಅದೇ ಕಾಲುವೆಯ ನೀರು ಬಂದ ಮೇಲೆ ಹೊಲಗಳನ್ನು ಮಟ್ಟಸಗೊಳಿಸುವಾಗ ಎಷ್ಟೋ ನೆಲೆಗಳು ಕದಡಿಹೋದುವು. ನೀರು ಬೇಡವೆನ್ನಲು ನಾವಾರು? ರೈತನ ಹೊಟ್ಟೆ ದೊಡ್ಡದು. ಆದರೂ ಆ ಸೀಮೆಯ ಒಕ್ಕಲಿಗ ಭಕ್ತರಲ್ಲಿ ಒಂದು ಬಿನ್ನಹ: ಬಾದಾಮಿ ಬೀಜದ ಆಕಾರದ, ಎರಡೂ ಮುಖಗಳಲ್ಲಿ ಚಕ್ಕೆಯೆದ್ದ ಕಲ್ಲು ನೇಗಿಲಿಗೆ ತಾಗಿದರೆ, ಅದನ್ನು ಎತ್ತಿ ಮಠಕ್ಕೆ ತರಬೇಡಿರಿ. ಬಿದ್ದಲ್ಲಿಯೇ ಇರಿಸಿ, ಬಲ್ಲವರಿಗೆ ತಿಳಿಸಿರಿ. ಎತ್ತಿದೊಡನೆ ಅದರ ಅರ್ಧ ಮಾತು ಅಡಗಿಹೋಗುವುದು.