ಪ್ರಕ್ಷುಬ್ಧ ಹರಿವಿನ ಮಾಪನ: ಬೆಂಗಳೂರಿನ ಪ್ರಯೋಗಗಳ ಒಂದು ಅವಲೋಕನ

ಕೊಳವೆಯಲ್ಲಿ ಸಾಗುವ ನೀರಿನ ಶಾಂತ ಹರಿವು ಪ್ರಕ್ಷುಬ್ಧವಾಗುವ ಬಗೆಯನ್ನು ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು ತೋರಿಸಿದರು. ಆದರೆ ಕ್ಷೋಭೆಯನ್ನು ಕಾಣುವುದು ಬೇರೆ, ಅಳೆಯುವುದು ಬೇರೆ. ಅಳೆಯುವ ಸಾಧನವೇ ಉತ್ತರವನ್ನು ಪ್ರಭಾವಿಸಬಲ್ಲದು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಗಳ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಮೇಲ್ಮೈ ಘರ್ಷಣೆಯ ನೇರ ಮಾಪನವನ್ನು ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಕೈಗೊಂಡಿದ್ದ ಸತೀಶ್ ಧವನ್ 1951ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಅವರ ಶಿಷ್ಯರಾದ ರೊದ್ದಂ ನರಸಿಂಹ ಅವರು ಕೆ. ನರಹರಿ ರಾವ್ ಹಾಗೂ ಎಂ. ಎ. ಬದ್ರಿ ನಾರಾಯಣನ್ ಅವರೊಡನೆ 1971ರಲ್ಲಿ ಪ್ರಕಟಿಸಿದ ಪ್ರಬಂಧವು ಮಹತ್ವದ್ದು. ಗೋಡೆಯ ಸಮೀಪದ ಹರಿವು ಆಗಾಗ ಸಿಡಿದೇಳುವುದನ್ನು ಸ್ಟ್ಯಾನ್‌ಫರ್ಡ್‌ನ ಕ್ಲೈನ್ ಮತ್ತು ಸಂಗಡಿಗರು 1967ರಲ್ಲಿ ನೀರಿನಲ್ಲಿ ಕಂಡಿದ್ದರು. ಬೆಂಗಳೂರಿನವರು ಇದೇ ವಿದ್ಯಮಾನವನ್ನು ಗಾಳಿಯ ಹರಿವಿನಲ್ಲಿ, ವಿದ್ಯುತ್ತಿನಿಂದ ಕಾಯಿಸಿದ ತೆಳು ತಂತಿಯ ನೆರವಿನಿಂದ ಅಳೆದರು. ಸಿಡಿತಗಳ ನಡುವಣ ಕಾಲಾವಧಿಯು ಗೋಡೆಯ ಬಳಿಯ ಸ್ಥಿತಿಯನ್ನಲ್ಲ, ಸೀಮಾಸ್ತರದ ಒಟ್ಟು ದಪ್ಪ ಮತ್ತು ಹೊರಗಿನ ವೇಗವನ್ನು ಅವಲಂಬಿಸಿದೆ ಎಂಬುದು ಅವರ ನಿರ್ಣಯವಾಗಿತ್ತು.

ಇದು ವಿವಾದಕ್ಕೆ ಎಡೆಮಾಡಿತು. ಸಿಡಿತದ ಆವರ್ತನವು ಗೋಡೆಯ ಮಾನಕಗಳನ್ನೇ ಅನುಸರಿಸುತ್ತದೆ ಎಂದು 1983ರಲ್ಲಿ ಬ್ಲ್ಯಾಕ್‌ವೆಲ್ಡರ್ ಮತ್ತು ಹ್ಯಾರಿಟೊನಿಡಿಸ್ ವಾದಿಸಿದರು. ತಂತಿ ಉದ್ದವಾದಷ್ಟೂ ಅದರ ಮೇಲೆ ಹಾಯುವ ಸಣ್ಣ ಏರಿಳಿತಗಳು ಸರಾಸರಿಯಲ್ಲಿ ಕರಗಿಹೋಗುತ್ತವೆ. ಆದುದರಿಂದ ತಂತಿಯು ಗೋಡೆಯ ಮಾನಕದ ಇಪ್ಪತ್ತು ಪಟ್ಟಿಗಿಂತ ಚಿಕ್ಕದಿರಬೇಕೆಂಬುದು ಅವರ ಆಕ್ಷೇಪದ ತಿರುಳು.

ಅನಿಲ ಮತ್ತು ದ್ರವ ಪದರಪದರವಾಗಿ ಹರಿಯುವ ಕೊಳವೆಗಳಲ್ಲಿ ಈ ತೊಡಕು ಮತ್ತಷ್ಟು ತೀವ್ರವಾಗುತ್ತದೆ. ಕಾದ ತಂತಿಯು ಕಳೆದುಕೊಳ್ಳುವ ಶಾಖವು ಗಾಳಿಯಲ್ಲಿ ಒಂದು ಬಗೆ, ನೀರಿನಲ್ಲಿ ಮತ್ತೊಂದು ಬಗೆ. ಅಲೆಯೊಂದು ತಂತಿಯನ್ನು ತೋಯಿಸಿದ ಕ್ಷಣದಲ್ಲಿ ಅದರ ಸಂಕೇತವು ವೇಗವನ್ನು ಸೂಚಿಸುವುದಿಲ್ಲ. ಹೀಗಾಗಿ ಹರಿವನ್ನು ಮುಟ್ಟದೆ ಅಳೆಯುವ ಲೇಸರ್ ವಿಧಾನಗಳಿಗೆ ಪ್ರಾಶಸ್ತ್ಯ ದೊರೆಯಿತು.

ಇಂತಹ ವಿಧಾನವನ್ನು ಬೆಂಗಳೂರಿನಲ್ಲಿ ಮುರಳಿ ಚೋಲೆಮರಿ ಮತ್ತು ಜೈವಂತ ಅರಕೇರಿ ಎರಡು ದ್ರವಗಳಿಗೆ ಅನ್ವಯಿಸಿದರು. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ನೆಟ್ಟಗಿನ ಕೊಳವೆಯ ಮೇಲ್ತುದಿಗೆ ಉಪ್ಪುನೀರು, ಕೆಳತುದಿಗೆ ಸಿಹಿನೀರು ಇದ್ದವು. ಭಾರವಾದುದು ಇಳಿಯುತ್ತ, ಹಗುರವಾದುದು ಏರುತ್ತ ಕೊಳವೆಯಲ್ಲಿ ಕ್ಷೋಭೆ ಹುಟ್ಟಿತು. ಸರಾಸರಿ ವೇಗ ಮಾತ್ರ ಸೊನ್ನೆಯಾಗಿತ್ತು. ಗೋಡೆಯ ಘರ್ಷಣೆಯ ಬದಲು ಸಾಂದ್ರತೆಯ ವ್ಯತ್ಯಾಸವೇ ಇಲ್ಲಿ ಕ್ಷೋಭೆಯನ್ನು ಪೋಷಿಸಿತು.

ತಂತಿಯಿಂದ ಬೆಳಕಿನೆಡೆಗೆ ನಡೆದ ಈ ಪಯಣವು ಉಪಕರಣಗಳ ಸುಧಾರಣೆಯ ಕಥೆಯಷ್ಟೇ ಅಲ್ಲ. ಪ್ರತಿಯೊಂದು ಫಲಿತಾಂಶದೊಡನೆ ಅದನ್ನು ನೀಡಿದ ಸಾಧನದ ಮಿತಿಯನ್ನೂ ದಾಖಲಿಸಬೇಕೆಂಬ ಅರಿವನ್ನು ಅದು ದೃಢಪಡಿಸಿದೆ.